ಅಕ್ಕನ ಫಾರಿನ್ ರೆಸ್ಟು

ನಮ್ಮಕ್ಕನನ್ನು ಒಂದು ಕಡೆ ಕೂರಿಸಲು ಹೋದಾಗಲೆಲ್ಲ ಏನಾದರೊಂದು ಆಗೇ ಆಗುತ್ತದೆ. ಮಾಡದಕೆರೆಯ ಹೊಲದಲ್ಲಿ ದುಡಿದು ನನ್ನನ್ನು ಓದಿಸಿ, ಹೊಳಲ್ಕೆರೆಯಲ್ಲಿ ಮೇಷ್ಟ್ರಾಗುವ ಹಾಗೆ ಮಾಡಿದವಳು ಅವಳು. ಒಂದೇ ಒಂದು ದಿನ ಅವಳು ಕೈಕಟ್ಟಿ ಕೂತದ್ದನ್ನು ನೋಡಬೇಕೆಂಬುದು ನನ್ನ ಬಹಳ ವರ್ಷದ ಆಸೆ.

೧. ಮೊದಲ ಪ್ರಯತ್ನ

ಮೊದಲು ಚಂದ್ರವಳ್ಳಿಯ ಗುಹೆ ನೋಡಲು ಕರೆದುಕೊಂಡು ಹೋದೆ. ಮರದ ನೆರಳಿನಲ್ಲಿ ಕೂರಿಸಿ, ಕಡಲೆಕಾಯಿ ತರಲು ಹೋಗಿ ಬರುವಷ್ಟರಲ್ಲಿ ಒಂದು ಹೊರೆ ಪುಳ್ಳೆ ಸೌದೆ ಆರಿಸಿ, ಸೆರಗಿನ ಅಂಚು ಹರಿದು ಕಟ್ಟಿಟ್ಟಿದ್ದಳು.

"ಗುಹೆ ನೋಡಿದ್ಯಾ ಅಕ್ಕ?"

"ನೋಡ್ದೆ. ಒಳಗೆ ಒಂದು ಕಡ್ಡೀನೂ ಇಲ್ಲ."

೨. ಹಿಮದ ಬೆಟ್ಟ

ಊರು ಹತ್ತಿರವಿದ್ದರೆ ಇವಳು ಕೂರುವುದಿಲ್ಲ ಅಂತ ತೀರ್ಮಾನಿಸಿ, ತೊಂಬತ್ತರ ದಶಕದ ಕೊನೆಯಲ್ಲಿ, ಹೊಸದುರ್ಗದಿಂದ ಕಾಶಿ–ನೇಪಾಳಕ್ಕೆ ಹೊರಟ ಯಾತ್ರೆ ಬಸ್ಸಿಗೆ ಇಬ್ಬರ ಹೆಸರೂ ಬರೆಸಿದೆ. ನೇಪಾಳದ ಒಂದು ಬೆಟ್ಟದೂರಿನಲ್ಲಿ ಬಸ್ಸಿನ ಗೇರ್ ಬಾಕ್ಸ್ ಕೈಕೊಟ್ಟಿತು. "ಇವತ್ತು ಪೂರಾ ರೆಸ್ಟ್ ತಗಳ್ರಿ" ಅಂದ ಡ್ರೈವರ್. ಎಲ್ಲರೂ ಗೊಣಗಿದರು, ನನಗೆ ಮಾತ್ರ ಹಬ್ಬ. ಲಾಡ್ಜಿನ ಜಗಲಿಯಲ್ಲಿ ಕುರ್ಚಿ ಹಾಕಿಸಿ, ಕೈಗೆ ಟೀ ಕೊಟ್ಟು, ಎದುರಿನ ಹಿಮದ ಬೆಟ್ಟ ತೋರಿಸಿದೆ.

"ನೋಡ್ತಾ ಕುಂತ್ಕ."

"ಎಷ್ಟೊತ್ತು?"

"ಸಂಜೆ ತನಕ."

"ಲೇ ತಮ್ಮ, ಕಾಯ್ಕಂಡು ಕೂರಾಕೆ ಅದೇನು ಕುರೀನಾ? ಎದ್ದೋಗಲ್ವಲ್ಲ!"

೩. ಹುಡುಕಾಟ

ಸ್ನಾನ ಮುಗಿಸಿ ಬಂದರೆ ಕುರ್ಚಿ ಖಾಲಿ. ಪರದೇಶ, ಭಾಷೆ ಬಾರದು, ಲಾಡ್ಜಿನ ಹೆಸರೂ ಅವಳಿಗೆ ಗೊತ್ತಿಲ್ಲ. ಎದುರಿನ ಟೀ ಅಂಗಡಿಯವನಿಗೆ ಅವಳ ಎತ್ತರ, ಹಣೆಯ ಕುಂಕುಮ, ಹಸಿರು ಸೀರೆ ಎಲ್ಲ ಕೈಯಲ್ಲೇ ತೋರಿಸಿದೆ. ಪಾಪ, ಒಲೆ ಮೇಲಿನ ಹಾಲನ್ನೂ ಬಿಟ್ಟು ನನ್ನ ಕೈ ಹಿಡಿದುಕೊಂಡೇ ನಡೆದ.

ಊರಾಚೆ ಮೆಟ್ಟಿಲು ಮೆಟ್ಟಿಲಾದ ಹೊಲ. ನಾಲ್ಕು ನೇಪಾಳಿ ಹೆಂಗಸರ ನಡುವೆ ಸೀರೆ ಎತ್ತಿಕಟ್ಟಿ, ಕುಡುಗೋಲು ಹಿಡಿದು ನಮ್ಮಕ್ಕ! ನನ್ನನ್ನು ಕಂಡವಳೇ, "ಎಲ್ಲೋಗಿದ್ಯೋ ಇಷ್ಟೊತ್ತು? ಇಲ್ಲಿ ರಾಗಿ ಐತೆ ಕಣೋ!" ಅಂತ ನನ್ನನ್ನೇ ಗದರಿದಳು. ಆ ಹೆಂಗಸರ ಜೊತೆ ಅವಳದು ಕನ್ನಡ, ಅವರದು ನೇಪಾಳಿ, ಮಾತು ನಿಂತೇ ಇರಲಿಲ್ಲ.

"ಏನಂತಾರೆ ಅಕ್ಕ?"

"ಈ ಸಲ ಕಾಳು ಕಮ್ಮಿಯಂತೆ."

"ನಿಂಗೆ ಹೆಂಗೆ ಅರ್ಥ ಆಯ್ತು?"

"ರಾಗಿ ಬೆಳೆಯೋರು ಇನ್ನೇನಪ್ಪ ಅಂತಾರೆ?"

೪. ರೆಸ್ಟು

ಮಧ್ಯಾಹ್ನ ಆ ಹೊಲದವರ ಮನೆಯಲ್ಲೇ ಊಟ. ರಾಗಿ ಹಿಟ್ಟನ್ನು ಕಲಸಿ ಬೇಯಿಸಿ, ಉಂಡೆ ಕಟ್ಟದೆ ತಟ್ಟೆಗೆ ಹಾಗೇ ಬಡಿಸಿದರು. ಅಕ್ಕನಿಗೆ ತಡೆಯಲಾಗಲಿಲ್ಲ. ಒಳಗೆ ನುಗ್ಗಿ, ಕೈಗೆ ನೀರು ಹಚ್ಚಿಕೊಂಡು, ಮನೆಮಂದಿಗೆಲ್ಲ ಮುದ್ದೆ ಕಟ್ಟಿದಳು. ಆ ಮನೆಯ ಅಜ್ಜಿ ತನ್ನ ಮುದ್ದೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ನನಗೆ ಮಾತ್ರ ಅಳು ಬರುವಂತಾಯಿತು.

"ಅಕ್ಕ, ಒಂದಿನ ಆದ್ರೂ ಸುಮ್ನೆ ಕುಂತ್ಕಳ್ಲಿ ಅಂತ ಇಷ್ಟು ದೂರ ಕರ್ಕಂಡ್ ಬಂದೆ. ಇಲ್ಲೂ ದುಡಿದ್ಯಲ್ಲ!"

ಅವಳು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. "ನಮ್ಮ ಹೊಲದಾಗೆ ಕುಯ್ಯುವಾಗ ಮಳೆ ಬಂದ್ರೆ, ಕಾಳು ಉದುರಿದ್ರೆ ಅಂತ ಜೀವ ಕೈಯಾಗೆ ಇರ್ತೈತೆ. ಇದು ಯಾರ್ದೋ ಹೊಲ. ಒಂದ್ ಚಿಂತೆ ಇಲ್ದೆ ಕುಯ್ದೆ ಕಣೋ. ಹುಟ್ಟಿದಾಗಿಂದ ಇಂಥ ರೆಸ್ಟ್ ಸಿಕ್ಕಿರ್ಲಿಲ್ಲ."

ನಾನು ತಲೆ ತಗ್ಗಿಸಿ ಎರಡನೇ ಮುದ್ದೆಯನ್ನೂ ನುಂಗಿದೆ.

ಸಂಜೆ ಬಸ್ಸು ರಿಪೇರಿಯಾಗಿ ಗುರುಗುಟ್ಟತೊಡಗಿತು. ಜನ ಚಪ್ಪಾಳೆ ತಟ್ಟಿ ಹತ್ತಿಕೊಂಡರು. ಅಕ್ಕ ಮಾತ್ರ ಸೀದಾ ಡ್ರೈವರ್ ಹತ್ತಿರ ಹೋದಳು.

"ಏನಪ್ಪ, ಬಸ್ಸು ಸರಿ ಆಗೈತಾ?"

"ಆಗೈತೆ ಕಣಮ್ಮ, ಹತ್ತು."

ಅವಳು ಹೊಲದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಇನ್ನೊಂದು ಮೆಟ್ಲು ಕುಯ್ಯೋದು ಉಳ್ಕಂಡೈತೆ. ನಾಳೆ ಮಧ್ಯಾಹ್ನದ ತನಕ ಕೆಟ್ಟಿರಾಕೆ ಆಗಲ್ವಾ?"