ನಾಲಿಗೆಯಡಿಯ ಗಂಟು

ಮುನಿಯಲ್ಲಪ್ಪನ ಮಾನ ಕಳೆದದ್ದು ಒಂದು ಚಿಟಿಕೆ ಹೊಗೆಸೊಪ್ಪು. ಯುಗಾದಿಯ ದಿನ ಹೆಂಡತಿ ಅಕ್ಕಯಮ್ಮನ ಎದುರಿಗೆ ಮುನೇಶ್ವರನ ದೀಪ ಮುಟ್ಟಿ, "ಇನ್ನು ಹೊಗೆಸೊಪ್ಪು ಮುಟ್ಟಾಕಿಲ್ಲ" ಎಂದು ಆಣೆ ಇಟ್ಟಿದ್ದ. ಆಣೆ ಬಾಯಿಂದ ಹೊರಗೆ ಬಂದಿತ್ತು, ಸೊಪ್ಪು ಬಂದಿರಲಿಲ್ಲ.

ಆಣೆಯಿಟ್ಟು ತಿಂಗಳಾಗುವಷ್ಟರಲ್ಲಿ ಒಂದು ದಿನ ಡೆಂಕಣಿಕೋಟೆಯ ಸಮುದಾಯ ಭವನಕ್ಕೆ ಯಾವುದೋ ಕಾಲೇಜಿನವರು ಸ್ಕ್ಯಾನ್ ಮಿಷನ್ ತಂದಿದ್ದರು. ಅದನ್ನು ಗದ್ದದ ಕೆಳಗೆ ಒತ್ತಿ ಮಾತಾಡಿಸಿದರೆ, ನಾಲಿಗೆ ಹೇಗೆ ಹೊರಳುತ್ತದೆಂದು ಪರದೆಯ ಮೇಲೆ ಕಾಣುತ್ತದಂತೆ. ಕನ್ನಡ, ತಮಿಳು, ತೆಲುಗು ಮೂರೂ ಬಲ್ಲವರು ಬೇಕಿತ್ತು. ಮೂರರಲ್ಲೂ ಜಗಳ ಗೆದ್ದಿದ್ದ ಮುನಿಯಲ್ಲಪ್ಪ ಹುರಿಮೀಸೆ ತಿರುವುತ್ತ ಮೊದಲಿಗನಾಗಿ ಹೋಗಿ ಕುಳಿತ. ಉಗಿದು ಬರೋಣವೆಂದರೆ ಬಾಗಿಲಲ್ಲೇ ಅಕ್ಕಯಮ್ಮ ನಿಂತಿದ್ದಳು. ಸೊಪ್ಪನ್ನು ನಾಲಿಗೆಯಡಿಗೆ ತಳ್ಳಿದ.

ಲೋಳೆ ಹಚ್ಚಿ ಮಿಷನ್ ಒತ್ತಿದ ಕಾಲೇಜಿನ ವರಲಕ್ಷ್ಮಿ ಮೇಡಂ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ನಾಲಿಗೆ ಕೆಳಗೆ ಏನೋ ಗಂಟಿದ್ದ ಹಾಗಿದೆಯಲ್ಲ?"

ಪಕ್ಕದ ಮನೆಯ ಶಿವಣ್ಣನಿಗೆ ಅಷ್ಟೇ ಸಾಕಾಯಿತು. "ಅಯ್ಯಯ್ಯೋ, ಗಂಟಂತೆ! ನಮ್ ಬಾವಂಗೂ ಇಂಗೇ ಸುರುವಾಗಿದ್ದು. ದೀಪಾವಳಿ ನೋಡ್ನಿಲ್ಲ!"

ಹೋದ ವಾರವಷ್ಟೇ ಬದುವಿನ ಜಗಳದಲ್ಲಿ ಮಣ್ಣು ತೂರಿ ಶಾಪ ಹಾಕಿದ್ದ ಬೈರಮ್ಮ, "ಬಂಗಾರದಂತಾ ಮನ್ಸ!" ಎಂದು ಗೊಳೋ ಎಂದಳು. ಯಾರೋ ಎಳನೀರು ತಂದರು. ಬಾಯಿ ಬಿಟ್ಟರೆ ಆಣೆ ಮುರಿದವನು, ಬಿಡದಿದ್ದರೆ ಸಾಯುವವನು. ಅಷ್ಟು ಜನರ ಕನಿಕರದ ನಡುವೆ ಮುನಿಯಲ್ಲಪ್ಪ ನಾಚಿಕೆಯಿಂದ ಹಿಡಿಯಷ್ಟಾದ.

ಅಕ್ಕಯಮ್ಮ ಮಾತ್ರ ಅಳಲಿಲ್ಲ. ಎಲ್ಲರಿಗೂ ಕೇಳುವಂತೆ ಕೈಮುಗಿದು ಕೂಗಿದಳು: "ಮುನೇಶ್ವರಾ, ಈ ಗಂಟು ಇವತ್ತೇ ಕರಗಿಸ್ಬುಡಪ್ಪಾ! ನನ್ ಗಂಡನ ಮೀಸೆ ನಿಂಗೇ ಒಪ್ಪಿಸ್ತೀನಿ!"

ಮೀಸೆಯೆಂದರೆ ಮುನಿಯಲ್ಲಪ್ಪನಿಗೆ ಪ್ರಾಣ. ಆದರೆ ಬೇಡವೆನ್ನಲು ಬಾಯಿ ತೆರೆಯುವಂತಿರಲಿಲ್ಲ. ಕಿರುಬೆರಳು ತೋರಿಸಿ ಭವನದ ಹಿಂದಕ್ಕೆ ಓಡಿದ, ಉಗಿದ, ಬಾಯಿ ಮುಕ್ಕಳಿಸಿ ಮರಳಿದ. ಮೇಡಂ ಮತ್ತೆ ಮಿಷನ್ ಒತ್ತಿದರು.

"ಈಗ ಏನೂ ಇಲ್ಲವಲ್ಲ!"

ಭವನವೇ ಕೈಮುಗಿಯಿತು. ಕ್ಷೌರದವನನ್ನು ಕರೆತರಲು ಶಿವಣ್ಣ ತಾನೇ ಗಾಡಿ ತೆಗೆದ.

ಸಂಜೆ ಮುನೇಶ್ವರನ ಗುಡಿಯ ಮುಂದೆ ಬೋಳು ಮೂತಿಯ ಮುನಿಯಲ್ಲಪ್ಪ ಟವಲಿನಲ್ಲಿ ಮುಖ ಮುಚ್ಚಿ ಕುಳಿತಿದ್ದ. ಊರವರು ಪ್ರಸಾದ ತಿಂದು ಹೋದ ಮೇಲೆ, "ದೇವ್ರು ದೊಡ್ಡೋನು ಕಣಮ್ಮಿ" ಎಂದು ಗೊಣಗಿ, ಅಭ್ಯಾಸದಂತೆ ಮೀಸೆಗೆ ಕೈ ಹಾಕಿದ. ಕೈ ಬರೀ ತುಟಿ ಸವರಿ ಇಳಿಯಿತು.

ಅಕ್ಕಯಮ್ಮ ಸೆರಗಿನ ಗಂಟು ಬಿಚ್ಚಿ ಹೊಗೆಸೊಪ್ಪಿನ ಪೊಟ್ಟಣವೊಂದನ್ನು ಅವನ ಮಡಿಲಿಗೆ ಹಾಕಿದಳು.

"ದೊಡ್ಡೋನೇ ಕಣಯ್ಯಾ. ಬೆಳಿಗ್ಗೆ ನಿನ್ ಅಂಗಿ ಒಗಿಯೋವಾಗ್ಲೇ ನಂಗೆ ಗಂಟು ತೋರ್ಸಿದ್ದ."