ಪೋರ್ಚುಗೀಸರನ್ನು ತಡೆದ ಮಾವ

ನಮ್ಮ ಸೋದರಮಾವನಿಗೆ ಪೋರ್ಚುಗೀಸರ ಮೇಲಿರುವಷ್ಟು ಸಿಟ್ಟು ಪಕ್ಕದ ಮನೆಯವರ ಮೇಲೂ ಇಲ್ಲ! ಪಕ್ಕದವರು ಸರಿಸಿದ್ದು ಒಂದು ಗೇಣು ಬೇಲಿ. ಪೋರ್ಚುಗೀಸರು ಕುಂದಾಪುರದಲ್ಲಿ ಕೋಟೆಯನ್ನೇ ಕಟ್ಟಿಬಿಟ್ಟರಲ್ಲ! ಅವರು ಹೋಗಿ ಶತಮಾನಗಳೇ ಕಳೆದವು ಮಾವ ಎಂದರೆ, "ಹೋದ್ರ್ ಸೈ. ಬಪ್ಪತಿಗೆ ಕೇಂಡ್ಕಂಡ್ ಬಂದಿದ್ರಾ?" ಎಂದು, ಬರುವಾಗ ಅವರು ನನ್ನನ್ನು ಕೇಳಿಕೊಂಡೇ ಬಂದವರಂತೆ ನನ್ನ ಮೇಲೇ ಹಾರುತ್ತಾರೆ.

ಮಾವನದು ಪೇಟೆಯಲ್ಲಿ ಜವಳಿ ಅಂಗಡಿ. ಅಲ್ಲಿ ಬಟ್ಟೆಗಿಂತ ಊರಿನ ಚರಿತ್ರೆಯೇ ಹೆಚ್ಚು ಖರ್ಚಾಗುತ್ತದೆ, ಪುಕ್ಕಟೆ ನೋಡಿ! ಒಮ್ಮೆ ತಲ್ಲೂರಿನವರೊಬ್ಬರು ಬೈರಾಸು ಕೊಳ್ಳಲು ಬಂದರು. ಮೈ ಒರೆಸುವ ಬಟ್ಟೆಗೂ ರಾಜ್ಯಗಳ ಏಳುಬೀಳಿಗೂ ಏನು ಸಂಬಂಧ? ಮಾವನನ್ನು ಕೇಳಬೇಕು! ಬಸ್ರೂರಿನ ಹಳೆಯ ಬಂದರಿನಿಂದ ಹೊರಟು, ಕೆಳದಿಯ ಅರಸರನ್ನು ದಾಟಿ, ಹೈದರನ ಹತ್ತಿರ ಬರುವಷ್ಟರಲ್ಲಿ ಆ ಮನುಷ್ಯ ಕೈಮುಗಿದರು.

"ಹ್ವಾಯ್, ನಿಮ್ಮ ಟಿಪ್ಪು ಬಪ್ಪುದ್ರೊಳ್ಗೆ ನನ್ ಬಸ್ಸ್ ಹೋತ್ ಮರಾಯ್ರೆ! ಬೈರಾಸ್ ಕೊಡಿ!"

ನನಗೆ ಹೆಣ್ಣು ನೋಡಲು ಬೀಜಾಡಿಗೆ ಹೋದಾಗಲೂ ಇದೇ ಕತೆ. ಹುಡುಗಿಯ ತಂದೆ ಸುಮ್ಮನೆ ಮಾತಿಗೆಂದು, "ಪ್ಯಾಟಿ ಬದಿ ಎಂತ ವಿಶೇಷ?" ಅಂದರು. ಕೇಳಬಹುದೇ? ಮಾವ ಐದು ಹೊಳೆಗಳ ಸಂಗಮದಿಂದ ಶುರುಮಾಡಿದರು. ಒಂದೊಂದು ಹೊಳೆಯೂ ಘಟ್ಟದಲ್ಲಿ ಹುಟ್ಟಿ, ಬಳುಕಿ, ಕಡಲು ಮುಟ್ಟುವವರೆಗೆ ಹುಡುಗಿ ಕಾಫಿ ತಟ್ಟೆ ಹಿಡಿದು ನಿಂತೇ ಇದ್ದಳು. ಕೊನೆಗೆ ಮಾವನ ಹೆಂಡತಿ, ನಮ್ಮ ಅತ್ತೆಯೇ ಬಾಯಿ ಬಿಟ್ಟರು:

"ಐದ್ ಹೊಳಿ ಸೇರ್ಸಿ ಆಯ್ತ್. ಇನ್ ಈ ಎರಡ್ ಮನಿ ಸೇರ್ಸುದ್ ಯಾವತ್ತ್?"

ಹುಡುಗಿ ಕಿಸಕ್ಕನೆ ನಕ್ಕಳು. ಸಂಬಂಧ ಕುದುರಿದ್ದು ಆ ನಗೆಯಿಂದ ಎಂದು ನಾನು. ಹೊಳೆಗಳಿಂದ ಎಂದು ಮಾವ!

ಮನೆಯಲ್ಲಿ ಮಾತ್ರ ಅತ್ತೆಯದೇ ಕಾನೂನು. ಊಟದ ಹೊತ್ತಿಗೆ ಮಾವ ಕೋಟೆಯ ಬಾಗಿಲು ತೆರೆದರೆ ಸಾಕು, ಅತ್ತೆ ಅವರ ಬಟ್ಟಲಿಗೆ ಮೀನು ಬಡಿಸುತ್ತಾರೆ. "ಮುಳ್ಳ್ ಇತ್ತ್, ಮಾತಾಡ್ಬೇಡಿ!"

ಹೋದ ವರ್ಷ ಅತ್ತೆಗೆ ಹೃದಯದ ಆಪರೇಷನ್. ಬೆಳಿಗ್ಗೆ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು ಮಲಗಿದ್ದರು. ಪಕ್ಕದಲ್ಲಿ ಮಾವ ಸುಮ್ಮನೆ ಕೂತಿದ್ದರು. ಮಾವ ಸುಮ್ಮನಿರಬಲ್ಲರು ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಎಂತಾರೂ ಹೇಳಿ," ಅತ್ತೆ ಅಂದರು.

"ಎಂತ ಹೇಳುದ್?"

"ನಿಮ್ಮ ಪೋರ್ಚುಗೀಸರದ್ದೇ ಹೇಳಿ."

ಮಾವ ಅವರ ಕೈ ಹಿಡಿದುಕೊಂಡು ಶುರುಮಾಡಿದರು. ದೂರದಲ್ಲಿ ಹಾಯಿ ಕಂಡಿತು. ಹಡಗು ಕಂಡಿತು. ಹೊಳೆ ಕಡಲು ಸೇರುವ ಅಳಿವೆಗೆ ಹಡಗು ಬಂತು ಅನ್ನುವಷ್ಟರಲ್ಲಿ ಅತ್ತೆಯನ್ನು ಕರೆದೊಯ್ಯಲು ಬಂದರು. ಮಾವ ಗಾಲಿಮಂಚದ ಜೊತೆಗೇ ಬಾಗಿಲವರೆಗೂ ನಡೆದರು.

"ಹಡಗ್ ಅಲ್ಲೇ ನಿಲ್ಸಿರ್ತೆ. ನೀ ಬಂದ್ ಮೇಲೆ ಒಳ್ಗ್ ಬಿಡ್ತೆ."

ಸಂಜೆ ಅತ್ತೆ ಕಣ್ಣು ತೆರೆದರು. ಒಣಗಿದ ತುಟಿ ಅಲುಗಿತು. "ಹಡಗ್ ಒಳ್ಗ್ ಬಂತಾ?"

ಮಾವ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡರು. ನಾನೇ ಹೇಳಿದೆ: "ಇಲ್ಲ ಅತ್ತಿ. ಅಲ್ಲೇ ನಿಂತಿತ್."