ಮಲ್ಲಿ ತಿಂದ ಎರಡನೆಯ ಪುಟ

ನಾಲ್ಕಕ್ಷರ ಕಲಿತವರ ದೊಡ್ಡ ತೊಂದರೆಯೆಂದರೆ, ಎದುರಿಗೆ ಕೂತವರೂ ತಾವು ಓದಿದ ಪುಸ್ತಕವನ್ನೇ ಓದಿರುತ್ತಾರೆಂಬ ನಂಬಿಕೆ. ನನಗೆ ಈ ನಂಬಿಕೆ ಬಹಳ ಗಟ್ಟಿಯಾಗಿತ್ತು. ಹೈದರಾಬಾದಿನ ಕಾನ್ವೆಂಟಿನಲ್ಲಿ ಕಲಿತವಳು ನಾನು. ಚಮಚ ಯಾವ ಕಡೆ ಇಡಬೇಕು ಎಂಬುದರಿಂದ ಹಿಡಿದು ಚದುರಂಗದಲ್ಲಿ ನಾಲ್ಕೇ ನಡೆಗೆ ರಾಜನನ್ನು ಕಟ್ಟಿಹಾಕುವ ತನಕ ಸಿಸ್ಟರ್ ಎಲ್ಲವನ್ನೂ ಹೇಳಿಕೊಟ್ಟಿದ್ದರು. ಮದುವೆಯಾಗಿ ಸುರಪುರಕ್ಕೆ ಬಂದ ಮೇಲೆ ಚಮಚದ ವಿದ್ಯೆ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಆ ಮನೆಯಲ್ಲಿ ಚಮಚವೇ ಇರಲಿಲ್ಲ. ಉಳಿದದ್ದು ಚದುರಂಗ.

ಆಗ ಹೈದರಾಬಾದ್ ಸಂಸ್ಥಾನ ದೇಶಕ್ಕೆ ಸೇರಿದ ಹೊಸತು. ನನ್ನ ಗಂಡ ಶಹಾಪುರದಲ್ಲಿ ಮಾಸ್ತರರು, ವಾರಕ್ಕೊಮ್ಮೆ ಬರುತ್ತಿದ್ದರು. ಮಿಕ್ಕ ದಿನ ನನ್ನ ಕೋಣೆಯಲ್ಲಿ ನನ್ನ ಜೊತೆಗಿರುತ್ತಿದ್ದವಳು ಮಲ್ಲಿ. ಮಲ್ಲಿ ಎಂದರೆ ಅತ್ತೆ ಕಕ್ಕೇರಾದಿಂದ ತರಿಸಿದ ಮೇಕೆ. ತುಂಬಿದ ಬಸುರಿ. ಮಳೆಗಾಲ ಬೇರೆ, ಮನೆಯಲ್ಲಿ ಸೋರದ ಕೋಣೆ ನನ್ನದೊಂದೇ. ಬೆಳಗ್ಗೆ ಎದ್ದರೆ ಸೆರಗಿನ ತುದಿ ಒದ್ದೆಯಾಗಿ, ದಾರ ಬಿಟ್ಟುಕೊಂಡಿರುತ್ತಿತ್ತು. ಅದನ್ನೂ ಸಹಿಸಿದೆ. ಆದರೆ ಒಂದು ದಿನ ಅದು ಸಿಸ್ಟರ್ ಬರೆಸಿದ ಚದುರಂಗದ ನೋಟುಬುಕ್ಕನ್ನೇ ತಿಂದು, ಮೊದಲನೆಯ ಪುಟವೊಂದನ್ನು ಮಾತ್ರ ಉಳಿಸಿತು. ಅತ್ತೆಗೆ ದೂರು ಕೊಟ್ಟೆ. ಅವರು ಮೇಕೆಯ ಕಿವಿ ಸವರುತ್ತ, "ಇರ್ಲಿ ಬಿಡವ್ವ, ಬಸರಿ ಅದಾಳ. ಬಯಕಿ ಇರ್ತಾವ" ಎಂದರು.

ಅತ್ತೆ ಮತ್ತು ಮಾವ ಮಧ್ಯಾಹ್ನ ಪಡಸಾಲೆಯಲ್ಲಿ ಚದುರಂಗ ಆಡುತ್ತಿದ್ದರು. ಅತ್ತೆಯ ತಾಯಿ ಕೈಯಾರೆ ಹೊಲಿದ ಕೆಂಪು ಬಟ್ಟೆಯ ಹಾಸು. ಅದನ್ನು ಮಡಿಸುವಾಗ ಅತ್ತೆ ಕೂಸಿನ ಅಂಗಿ ಮಡಿಸಿದಷ್ಟು ಮೆತ್ತಗೆ ಮಡಿಸುತ್ತಿದ್ದರು. ಒಂದು ದಿನ ಧೈರ್ಯ ಮಾಡಿದೆ.

"ಅತ್ಯಾರ, ನಾ ಗೆದ್ರ ಮಲ್ಲೀನ ನಿಮ್ಮ ಕೋಣ್ಯಾಗ ಕಟ್ಕೋತೀರೇನ್ರಿ?"

"ಸೋತ್ರ?"

"ಮರಿ ದೊಡ್ಡವಾಗೂತನಕ ನನ್ನ ಕೋಣ್ಯಾಗ ಇರ್ಲಿ."

"ಕೂಡವ್ವ ಹಂಗಾರ" ಎಂದರು ಅತ್ತೆ, ಕೈಯ ಜೋಳದ ಹಿಟ್ಟು ಒರೆಸಿಕೊಳ್ಳುತ್ತ.

ಪುಟದಲ್ಲಿದ್ದಂತೆ ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ನೂಕಿದೆ. ಪುಟದ ಪ್ರಕಾರ ಎದುರಾಳಿಯೂ ಹಾಗೆಯೇ ನೂಕಬೇಕು. ಅತ್ತೆ ನೂಕಿದರು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವರು ಇನ್ನೊಂದು ಪ್ಯಾದೆ ನೂಕಿದರು. ಹಿಂದೆಯೇ ಕುದುರೆ ಹೊರಬಿತ್ತು. ಕುದುರೆಯ ಹಿಂದೆ ಒಂಟೆ.

"ಅತ್ಯಾರ, ನಾಕು ನಡಿ ಆದ್ವು."

"ಹೌದು. ನೀ ಯಾಕ ಒಂದಕ್ಕ ಕೈ ತಗದಿ? ಮೊದಲಿನ ನಾಕು ಒಮ್ಮಿಗೇ ನಡೀಬೇಕು. ಒಂದೊಂದೇ ಸರಿಸ್ಕೋಂತ ಕುಂತ್ರ ರೊಟ್ಟಿ ಯಾರು ಬಡೀಬೇಕು?"

ಉರ್ದು ಪತ್ರಿಕೆಯ ಹಿಂದೆ ಕೂತಿದ್ದ ಮಾವನವರಿಗೆ ಮೊರೆಯಿಟ್ಟೆ. "ಮಾವಾರ, ಇಡೀ ದೇಶದಾಗ ಒಂದೊಂದೇ ನಡಿತಾರ್ರಿ."

"ಸಂಸ್ಥಾನ ಸೇರ್ಯದವ್ವ," ಎಂದರು ಪತ್ರಿಕೆ ಇಳಿಸದೆ, "ಈ ಹಾಸು ಇನ್ನಾ ಸೇರಿಲ್ಲ."

ಪುಟ ತೆಗೆದು ನೋಡಿದೆ. ಕೊನೆಯ ಸಾಲಿನಲ್ಲಿ ನನ್ನದೇ ದುಂಡು ಅಕ್ಷರ: 'ಎದುರಾಳಿ ಬೇರೆ ರೀತಿ ನಡೆದರೆ ಮುಂದಿನ ಪುಟ ನೋಡುವುದು.' ಮುಂದಿನ ಪುಟ ಕಂಬಕ್ಕೆ ಕಟ್ಟಿಸಿಕೊಂಡು ಮೆಲುಕು ಹಾಕುತ್ತಿತ್ತು.

ಆಗ ಹೊಳೆಯಿತು. ನನಗಿನ್ನೂ ಮೂರು ನಡೆ ಬಾಕಿ! ಸಿಸ್ಟರ್ ಕಲಿಸಿದ್ದು ಒಟ್ಟು ನಾಲ್ಕೇ ನಡೆಯ ಆಟ. ಒಂದೇ ಉಸಿರಿಗೆ ಮುಗಿಸಿಬಿಡಬಹುದು. ಒಂಟೆ ಸರಿಸಿ ವಜೀರನನ್ನು ಎತ್ತಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಗಡಿ ದಾಟಂಗಿಲ್ಲ. ಮೊದಲಿನ ನಾಕು ನಿನ್ನ ಕಡೀ ಅರ್ಧದಾಗೇ."

ಅಲ್ಲಿಗೆ ಮೊದಲ ಪುಟವೂ ಮುಗಿಯಿತು. ಮುಂದಿನದನ್ನು ಹೇಳಿಕೊಳ್ಳಲು ನಾಚಿಕೆ. ಸ್ವಲ್ಪ ಹೊತ್ತಿಗೆ ನನ್ನ ವಜೀರ ಅತ್ತೆಯ ಮೊಣಕಾಲಿನ ಪಕ್ಕ ಮಲಗಿದ್ದ. ರಾಜ ಒಬ್ಬನೇ ಮೂಲೆಗೆ ಹೋಗಿ ನಿಂತಿದ್ದ. "ಇನ್ನೆರಡೇ ನಡಿ. ಒಲಿ ನೋಡಿ ಬರ್ತೀನಿ" ಎಂದು ಅತ್ತೆ ಎದ್ದು ಹೋದರು. ಮರಿಗಳ ಸಮೇತ ಮಲ್ಲಿಯ ಸಂಸಾರವನ್ನು ನನ್ನ ಮಂಚದ ಕೆಳಗೆ ಊಹಿಸಿಕೊಳ್ಳುತ್ತ ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಮಲ್ಲಿ ಹಗ್ಗ ಬಿಡಿಸಿಕೊಂಡು ಬಂದು, ನನ್ನ ರಾಜ ನಿಂತಿದ್ದ ಮೂಲೆಯನ್ನೇ ಬಾಯಿಗೆ ಹಾಕಿಕೊಂಡಿದ್ದಳು. ಒಮ್ಮೆ ಎಳೆದಳು, ಕುದುರೆ, ಒಂಟೆ ಎಲ್ಲ ಪಡಸಾಲೆ ತುಂಬ ಉರುಳಿದವು.

ಅತ್ತೆ ಓಡಿ ಬಂದರು. "ನಮ್ಮವ್ವ ಹೊಲಿದ ಹಾಸು! ಏನ್ರೀ, ಪೇಪರ ಇಡ್ರಿ. ಇನ್ನ ಇದು ಸೊಸಿ ಕೋಣ್ಯಾಗ ಬ್ಯಾಡ, ಈಗಿಂದೀಗ ಹಿತ್ತಲದಾಗ ಕಟ್ರಿ. ಮಳ್ಯಾಗ ತೊಯ್ಸಿಕೊಂಡು ಸಾಯಲಿ."

ನಾನು ಗೆದ್ದಿದ್ದೆ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಆದರೆ ಹದಿನೈದು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ನಾಲಿಗೆಗೆ ಬಂದೇಬಿಟ್ಟಿತು.

"ಇರ್ಲಿ ಬಿಡ್ರಿ ಅತ್ಯಾರ, ಬಸರಿ ಅದಾಳ. ಬಯಕಿ ಇರ್ತಾವ."

ಚುಚ್ಚಬೇಕೆಂದೇ ಅಂದದ್ದು. ಅತ್ತೆ ಸಿಡಿಯುತ್ತಾರೆ ಎಂದು ಕಾದೆ. ಅವರು ನನ್ನನ್ನೇ ದಿಟ್ಟಿಸಿದರು, ಕಣ್ಣು ತೇವವಾದವು. "ಕೇಳಿದ್ರೇನ್ರಿ, ಸಾಲಿ ಕಲ್ತ ಹುಡುಗಿ ಆದ್ರೂ ಎಷ್ಟು ಕರಳು ಅದ ಈಕಿಗೆ. ನನಗ ಸಿಟ್ಟಿನ್ಯಾಗ ತಿಳೀಲಿಲ್ಲ. ಆಯ್ತವ್ವ, ನಿನ್ನ ಮಾತು ಯಾಕ ಮುರೀಲಿ? ನಿನ್ನ ಕೋಣ್ಯಾಗೇ ಇರ್ಲಿ."

ಪತ್ರಿಕೆ ಗಡಗಡ ನಡುಗುತ್ತಿತ್ತು. ಹಿಂದೆ ಮಾವ ನಗುತ್ತಿದ್ದರು.

ಮಲ್ಲಿ ಮೂರು ಮರಿ ಹಾಕಿದಳು, ನನ್ನ ತವರಿನ ಕೌದಿಯ ಮೇಲೆ. ಅವು ದೊಡ್ಡವಾಗುವ ತನಕ ನಾನು ಮಂಚದ ಅಂಚಿನಲ್ಲಿ ಮಲಗಿದೆ. ನನ್ನ ಮಾತಿಗೆ ಅತ್ತೆ ಅಂಥ ನಡೆ ನಡೆದಾಗ ಏನು ಮಾಡಬೇಕಿತ್ತು ಎಂಬುದು ಆ ನೋಟುಬುಕ್ಕಿನಲ್ಲಿ ಎಲ್ಲಾದರೂ ಇದ್ದಿರಬಹುದು. ಅದನ್ನು ಬಲ್ಲವಳು ಮಲ್ಲಿಯೊಬ್ಬಳೇ. ಅವಳನ್ನು ಕೇಳಿದಾಗಲೆಲ್ಲ ನನ್ನ ಸೆರಗು ಹುಡುಕುತ್ತಿದ್ದಳು.